ಕಡ್ಡಿ ಹಿಡಿಯದವರಿಗೆ ಮೊದಲ ಥ್ಯಾಂಕ್ಸ್

ನಾನು ಹೆಣೆದ ಉಡುಗೊರೆಗಳೆಲ್ಲ ಮುಗಿದವು. ಟೋಪಿ, ಮಫ್ಲರ್, ಕಾಲುಚೀಲ, ಜೊತೆಗೆ ಮಗುವಿಗೊಂದು ಪುಟಾಣಿ ಸ್ವೆಟರ್. ಎಲ್ಲವೂ ಒಣಗಿ, ಮಡಿಕೆಯಾಗಿ, ಕಾಗದ ಸುತ್ತಿಸಿಕೊಂಡು ಅವರವರ ಮನೆ ಸೇರಿವೆ. ಅದೂ ರಜೆ ಶುರುವಾಗುವ ಮೊದಲೇ! ಪೊಟ್ಟಣಗಳ ಮೇಲೆ ನನ್ನೊಬ್ಬಳ ಹೆಸರಿತ್ತು. ಹಾಗಾಗಿ ಹೊಗಳಿಕೆಯೂ ನನಗೊಬ್ಬಳಿಗೇ ಬಂತು. ಅದು ಸರಿಯಲ್ಲ. ಅದಕ್ಕೇ ಈ ಬರಹ.

ಹೆಣೆದು ಮುಗಿಸುವುದು ಬೇರೆ, ಕೊಡುವ ಹಾಗೆ ಮಾಡುವುದು ಬೇರೆ. ಕಡ್ಡಿಯಿಂದ ಆಗಷ್ಟೇ ಇಳಿದ ಮಫ್ಲರನ್ನು ನೀವು ನೋಡಬೇಕು. ಅಂಚು ಸುರುಳಿ ಸುತ್ತಿಕೊಂಡಿರುತ್ತದೆ. ಬಣ್ಣ ಬದಲಾದ ಕಡೆಯೆಲ್ಲ ದಾರದ ತುದಿಗಳು ಜೋತಾಡುತ್ತಿರುತ್ತವೆ. ಅದನ್ನು ನೆನೆಸಬೇಕು, ಅಳತೆಗೆ ಹರಡಿ ಒಣಗಿಸಬೇಕು, ತುದಿಗಳನ್ನು ಹುದುಗಿಸಬೇಕು. ಸ್ವೆಟರ್ ಆದರೆ ತೋಳು ಸೇರಿಸಬೇಕು, ಗುಂಡಿ ಹಚ್ಚಬೇಕು. ಈ ಸಲ ತರಿಸಿದ ಉಲ್ಲನ್ ಬಂದಿದ್ದೇ ತಡವಾಗಿ. ಹಾಗಾಗಿ ಇಷ್ಟೂ ಕೆಲಸ ಒಂದೇ ವಾರಾಂತ್ಯಕ್ಕೆ ಬಂದು ಬಿತ್ತು. ಅದರ ಜೊತೆಗೆ ಒಂದು ಟೋಪಿಯ ಮೇಲರ್ಧ, ಒಂದು ಜೋಡಿಯ ಎರಡನೇ ಕಾಲುಚೀಲ ಇನ್ನೂ ಕಡ್ಡಿಯ ಮೇಲೇ ಇದ್ದವು. ಈ ಎರಡನೇ ಕಾಲುಚೀಲದ ಬೇಜಾರು ಹೆಣೆಯುವವರಿಗೇ ಗೊತ್ತು. ಒಂದು ಮುಗಿದಾಗ ಎಲ್ಲಾ ಮುಗಿದ ಹಾಗಿರುತ್ತದೆ. ಏನು ಮಾಡೋದು, ಮನುಷ್ಯರಿಗೆ ಕಾಲು ಎರಡು.

ಮೊದಲ ಥ್ಯಾಂಕ್ಸ್ ನನ್ನ ಮಗನಿಗೆ. ಆ ಟೋಪಿಯದು ಎರಡು ಬಣ್ಣದ ನಕ್ಷೆ. ಕಾಗದದ ಮೇಲಿನ ಒಂದು ಚೌಕ ಅಂದರೆ ಒಂದು ಕುಣಿಕೆ. ಸುತ್ತು ಕಡ್ಡಿಯಲ್ಲಿ, ಅಂದರೆ ಕೊಳವೆಯ ಹಾಗೆ ಸುತ್ತಲೂ ಹೆಣೆಯುವಾಗ, ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ, ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ ಓದಬೇಕು. ಕಣ್ಣು ಒಂದು ಸಲ ಕಾಗದಕ್ಕೆ, ಇನ್ನೊಂದು ಸಲ ಕಡ್ಡಿಗೆ ಓಡಾಡಿ ಸುಸ್ತಾಗುತ್ತದೆ. ಇವನು ಸಾಲಿನ ಮೇಲೊಂದು ಸ್ಕೇಲ್ ಇಟ್ಟುಕೊಂಡು ಪಕ್ಕದಲ್ಲಿ ಕೂತ. "ಎರಡು ಬಿಳಿ, ಒಂದು ನೀಲಿ, ಮೂರು ಬಿಳಿ, ಮತ್ತೆ ನೀಲಿ..." ಸ್ವಲ್ಪ ಹೊತ್ತಿಗೆ ಅದು ಕ್ರಿಕೆಟ್ ಕಾಮೆಂಟರಿ ಥರ ಆಯಿತು. ನನ್ನ ಕೈ ನಿಂತರೆ ಅವನಿಗೆ ಸಹನೆ ಇಲ್ಲ. ಎರಡು ಬಣ್ಣದ ಹೆಣಿಗೆಯಲ್ಲಿ ಆ ಹೊತ್ತಿಗೆ ಬೇಡವಾದ ದಾರ ಹಿಂಬದಿಯಲ್ಲಿ ಸುಮ್ನೆ ಸಾಗುತ್ತಿರುತ್ತದೆ. ಒಂದೇ ಬಣ್ಣದ ಕುಣಿಕೆ ಐದಕ್ಕಿಂತ ಜಾಸ್ತಿ ಬಂದರೆ ಆ ದಾರವನ್ನು ನಡುವೆ ಒಮ್ಮೆ ಸಿಕ್ಕಿಸಿಕೊಳ್ಳುವುದು ನನ್ನ ರೂಢಿ. ಇಲ್ಲದಿದ್ದರೆ ಟೋಪಿ ಹಾಕಿಕೊಳ್ಳುವಾಗ ಬೆರಳು ಅದಕ್ಕೆ ತಗಲುತ್ತದೆ. ಇದನ್ನು ಒಂದು ಸಲ ಹೇಳಿದ್ದೆ ಅಷ್ಟೇ. ಆಮೇಲೆ ಉದ್ದನೆಯ ಬಿಳಿ ಬಂದಾಗಲೆಲ್ಲ "ಏಳು ಬಿಳಿ, ಅಮ್ಮಾ, ಸಿಕ್ಕಿಸು" ಅಂತ ಅವನೇ ಎಚ್ಚರಿಸಿದ. ಅವನಿಗೆ ಇವತ್ತಿಗೂ ಒಂದು ಕುಣಿಕೆ ಹಾಕೋಕೆ ಬರಲ್ಲ. ಕಲಿಸ್ತೀನಿ ಅಂದರೆ ಓಡುತ್ತಾನೆ.

ನಮ್ಮೆಜಮಾನ್ರು ನೀರಿನ ಖಾತೆ ನೋಡಿಕೊಂಡರು. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಕುಡಿದರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಪೂರ್ತಿ ನೆನೆದ ಮೇಲಂತೂ ಅದರ ಭಾರ ಕೇಳಬೇಡಿ. ಹಾಗಂತ ಹಿಂಡುವ ಹಾಗಿಲ್ಲ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಬಿಸಿನೀರಲ್ಲಿ ತಿಕ್ಕಿದರೆ, ಜಾಲಾಡಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಬಿಡಿಸೋಕೆ ಯಾರಿಂದಲೂ ಆಗಲ್ಲ. ಅದಕ್ಕೆ ಉಗುರುಬೆಚ್ಚಗಿನ ನೀರಲ್ಲಿ ಸುಮ್ಮನೆ ಮುಳುಗಿಸಿಟ್ಟು, ಎರಡೂ ಕೈಯಲ್ಲಿ ಅಡಿಯಿಂದ ಪೂರ್ತಿ ಹಿಡಿದು ಎತ್ತಬೇಕು. ದಪ್ಪ ಟವೆಲ್ ಮೇಲೆ ಹಾಸಿ, ಟವೆಲ್ ಸಮೇತ ಸುರುಳಿ ಸುತ್ತಿ, ಮೇಲೆ ಹತ್ತಿ ನಿಲ್ಲಬೇಕು. ಹತ್ತಿ ನಿಲ್ಲುವ ಭಾಗ ಅವರಿಗೆ ಬಹಳ ಹಿಡಿಸಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಮ್ಮಡಿ ಊರಿಕೊಂಡು ನಿಧಾನವಾಗಿ ನಡೆದರು. ಟವೆಲ್‌ನ ಬಣ್ಣ ಕಪ್ಪಾಗುತ್ತಾ ಬಂದಂತೆ "ಇನ್ನೂ ಇದೆ, ಇನ್ನೂ ಇದೆ" ಅಂತ ಹೊಸ ಟವೆಲ್ ಕೇಳಿದರು. ಆ ದಿನ ಮನೆಯಲ್ಲಿ ಸ್ನಾನಕ್ಕೆ ಒಣಗಿದ ಟವೆಲ್ ಒಂದೂ ಉಳಿಯಲಿಲ್ಲ. ಲಡಿಯಲ್ಲಿ ಬಂದ ಉಲ್ಲನ್ನನ್ನು ಉಂಡೆ ಮಾಡುವಾಗ ಲಡಿಯನ್ನು ಎರಡೂ ಕೈಗೆ ಹಾಕಿ ಚಾಚಿಕೊಂಡು ಕೂತವರೂ ಅವರೇ. ಆಗ ಫೋನ್ ಮುಟ್ಟುವ ಹಾಗಿಲ್ಲವಲ್ಲ, ಬಹಳ ದಿನದ ಮೇಲೆ ನಾವಿಬ್ಬರೂ ನೆಮ್ಮದಿಯಾಗಿ ಮಾತಾಡಿದೆವು.

ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಅವರಿಗೆ ಹೊಲಿಗೆ ಗೊತ್ತು, ಹೆಣಿಗೆ ಗೊತ್ತಿಲ್ಲ. ಪಟ್ಟೆ ಮಫ್ಲರಿನಲ್ಲಿ ಬಣ್ಣ ಬದಲಾಯಿಸಿದಾಗಲೆಲ್ಲ ಎರಡು ತುದಿ ಉಳಿಯುತ್ತವೆ, ಹಳೆಯದರದ್ದೊಂದು, ಹೊಸದರದ್ದೊಂದು. ಪಟ್ಟೆ ಎಷ್ಟು ಚಂದವೋ ತುದಿಗಳು ಅಷ್ಟು ತಲೆನೋವು. ಈ ಕೆಲಸಕ್ಕೆ ನಾನು ಕೂತರೆ ಹತ್ತು ನಿಮಿಷಕ್ಕೆ ಆಕಳಿಸುತ್ತೇನೆ. ಅತ್ತೆ ದೊಡ್ಡ ಕಣ್ಣಿನ, ತುದಿ ಮೊಂಡಾದ ಸೂಜಿ ತೆಗೆದುಕೊಂಡು ಕಿಟಕಿ ಹತ್ತಿರ ಕೂತರು. ನಾನು ಮಾಡುವುದು ಒಂದೇ ದಿಕ್ಕಿಗೆ ಹುದುಗಿಸಿ ಕತ್ತರಿಸುವುದು. ಅವರು ಒಂದಷ್ಟು ದೂರ ಮುಂದಕ್ಕೆ ಹೋಗಿ, ತಿರುಗಿ, ಹೋದ ದಾರದ ಎಳೆಗಳ ನಡುವೆಯೇ ಸೂಜಿ ತೂರಿಸಿ ವಾಪಸ್ ಬಂದರು. "ಒಂದು ಕಡೆ ಎಳೆದರೆ ಬಿಚ್ಚಿಕೊಳ್ಳುತ್ತೆ, ಹೋಗಿ ಬಂದರೆ ಎಲ್ಲಿ ಬಿಚ್ಚುತ್ತೆ?" ಅಂದರು. ಎಳೆದು ನೋಡಿದೆ. ಅಲುಗಲಿಲ್ಲ. ಇಷ್ಟು ವರ್ಷ ಹೆಣೆದವಳಿಗೆ ಇದನ್ನು ಹೆಣೆಯದವರು ಹೇಳಿಕೊಡಬೇಕಾಯಿತು. ಅತ್ತೆ, ಇನ್ನು ಮೇಲೆ ಇದು ನಿಮ್ಮದೇ ಇಲಾಖೆ.

ನಾದಿನಿ ಮಾಡಿದ್ದು ಗೂಢಚಾರಿಕೆ. ಕಾಲುಚೀಲ ಯಾರಿಗೋ ಅವರಿಗೇ ಗೊತ್ತಾಗಬಾರದು, ಆದರೆ ಅಳತೆ ಬೇಕು. ಪಾದದ ಅಗಲವಾದ ಕಡೆ ಎಷ್ಟು ಸುತ್ತಳತೆ ಇದೆಯೋ ಅದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ ಇಟ್ಟು ಹೆಣೆದರೆ ಕಾಲುಚೀಲ ಮೈಗೆ ಹಿಡಿದು ಕೂರುತ್ತದೆ. ಸರಿಯಾಗಿ ಪಾದದಷ್ಟೇ ಹೆಣೆದರೆ ಶೂ ಒಳಗೆ ಜಾರಿ ಸುಕ್ಕಾಗುತ್ತದೆ. ಅಂದಾಜಿನ ಅಳತೆ ನಡೆಯಲ್ಲ. ಇವಳು ಗಂಡ ನಿದ್ದೆ ಮಾಡುವಾಗ ಟೇಪ್ ಹಿಡಿದು ಅಳೆದಳು. ಅವರು ಎಚ್ಚರವಾಗಿ "ಏನದು?" ಅಂದಾಗ "ಸೊಳ್ಳೆ" ಅಂದಳಂತೆ! ಅಳತೆ ಮಾತ್ರ ಕರಾರುವಾಕ್ಕಾಗಿತ್ತು.

ನಿಷ್ಠುರವಾಗಿ ಮಾತಾಡಿದ ಇಬ್ಬರಿಗೂ ಋಣಿ. ಒಬ್ಬ ಗೆಳತಿ, "ಹೋದ ಸಲದ ಮಫ್ಲರ್ ಚುಚ್ಚುತ್ತೆ ಕಣೇ, ಹಾಕಿಕೊಳ್ಳೋದೇ ಇಲ್ಲ" ಅಂದಿದ್ದಳು. ಎಷ್ಟು ಜನ ಹೀಗೆ ಹೇಳುತ್ತಾರೆ? "ಚೆನ್ನಾಗಿದೆ" ಅಂದು ಬೀರುವಿನಲ್ಲಿಟ್ಟುಬಿಡುತ್ತಾರೆ. ಉಣ್ಣೆ ಚುಚ್ಚುವುದಕ್ಕೆ ಮುಖ್ಯ ಕಾರಣ ಎಳೆಯ ದಪ್ಪ. ಸುಮಾರು 30 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪದ ಎಳೆಗಳ ತುದಿ ಚರ್ಮಕ್ಕೆ ತಗಲಿದಾಗ ಬಾಗದೆ ನಾಟುತ್ತದೆ. ಮೆರಿನೋ ಕುರಿಯ ಉಣ್ಣೆ ಅದಕ್ಕಿಂತ ಸಣ್ಣ, ಬಾಗಿಬಿಡುತ್ತದೆ. ಈ ಸಲ ಕುತ್ತಿಗೆಗೆ ಹೋಗುವುದೆಲ್ಲ ಮೆರಿನೋ. ಇನ್ನೊಬ್ಬರು ಪುಟ್ಟ ಮಗುವಿನ ತಾಯಿ. "ಕೈಯಲ್ಲಿ ಒಗೆಯೋಕೆ ನನಗೆ ಪುರುಸೊತ್ತಿಲ್ಲ, ಮೆಷಿನ್‌ಗೆ ಹಾಕೋ ಹಾಗಿದ್ದರೆ ಮಾತ್ರ ಕೊಡಿ" ಅಂದರು. ಅದಕ್ಕೇ ಸೂಪರ್‌ವಾಶ್ ಉಣ್ಣೆ ತಂದೆ. ಅದರಲ್ಲಿ ಎಳೆಯ ಮೇಲಿನ ಪೊರೆಗಳನ್ನು ಮೊದಲೇ ಸವೆಸಿರುತ್ತಾರೆ ಇಲ್ಲವೇ ಲೇಪ ಹಾಕಿ ಮುಚ್ಚಿರುತ್ತಾರೆ, ಹಾಗಾಗಿ ಮೆಷಿನ್‌ನಲ್ಲಿ ಕುಗ್ಗಿ ಗಟ್ಟಿಯಾಗುವುದಿಲ್ಲ. ಆ ಸ್ವೆಟರ್ ಈಗಾಗಲೇ ಒಂದು ಸಲ ಒಗೆಸಿಕೊಂಡು ಮತ್ತೆ ಮೈಮೇಲೇರಿದೆ ಅಂತ ಸುದ್ದಿ. ನನಗೆ ಅದಕ್ಕಿಂತ ಇನ್ನೇನು ಬೇಕು?

ಶನಿವಾರ ಮಧ್ಯಾಹ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಫಿಸಿಯೋಥೆರಪಿ ಓದುತ್ತಿರುವ ಅಕ್ಕನ ಮಗಳು ವಿಡಿಯೋ ಕಾಲ್‌ನಲ್ಲಿ ನನ್ನ ಕೈ ನೋಡಿ, "ಚಿಕ್ಕಮ್ಮಾ, ಕಡ್ಡಿ ಹಿಡಿದಿದ್ದೀಯೋ, ಕತ್ತು ಹಿಸುಕುತ್ತಿದ್ದೀಯೋ?" ಅಂದಳು. ಅರ್ಧ ಗಂಟೆಗೊಮ್ಮೆ ಅಲಾರಂ ಇಡಿಸಿದಳು. ಅಲಾರಂ ಹೊಡೆದರೆ ಸಾಲಿನ ನಡುವೆ ಇದ್ದರೂ ಕಡ್ಡಿ ಕೆಳಗಿಟ್ಟು ಬೆರಳು ಚಾಚಬೇಕು, ಭುಜ ಸಡಿಲ ಮಾಡಬೇಕು. ಸಾಲಿನ ನಡುವೆ ನಿಲ್ಲಿಸೋದು ಅಂದರೆ ನನಗೆ ಪ್ರಾಣಸಂಕಟ. ಬೈದುಕೊಂಡೇ ಮಾಡಿದೆ. ಭಾನುವಾರ ಕೈ ಆಡುತ್ತಿತ್ತು ಅಂದರೆ ಆ ಹುಡುಗಿಯ ಹಟದಿಂದ.

ಇನ್ನು ಪಕ್ಕದ ಮನೆ ಅಕ್ಕ. ಇಷ್ಟೂ ಜನರಲ್ಲಿ ನಿಜವಾಗಿ ಹೆಣೆಯಲು ಬರುವುದು ಇವರೊಬ್ಬರಿಗೇ. ಒಂದು ಕಂದು ಉಂಡೆ ಕಡಿಮೆ ಬಿತ್ತು. ಅದೇ ಕಂಪನಿ, ಅದೇ ಬಣ್ಣದ ನಂಬರ್ ಸಿಕ್ಕಿದರೆ ಸಾಲದು, ಲಾಟ್ ನಂಬರ್ ಕೂಡ ಅದೇ ಆಗಬೇಕು. ಬೇರೆ ಬೇರೆ ಸಲ ಬಣ್ಣ ಅದ್ದಿದ ಉಂಡೆಗಳು ಬಿಡಿಯಾಗಿ ನೋಡಿದರೆ ಒಂದೇ, ಅಕ್ಕಪಕ್ಕ ಹೆಣೆದರೆ ನಡುವೆ ಗೆರೆ ಎಳೆದ ಹಾಗೆ ಕಾಣುತ್ತವೆ. ನಾವಿಬ್ಬರೂ ಒಟ್ಟಿಗೇ ತರಿಸಿದ್ದೆವು. ತಮ್ಮ ಕೆಲಸ ನಿಲ್ಲಿಸಿ ಅವರ ಉಂಡೆಯನ್ನು ನನಗೆ ಕೊಟ್ಟರು. ಹೆಣೆಯುವವರು ಇನ್ನೊಬ್ಬರಿಗೆ ಉಲ್ಲನ್ ಕೊಡುವುದು ಸಣ್ಣ ಮಾತಲ್ಲ.

ಅಷ್ಟೇ ಅಲ್ಲ, ಭಾನುವಾರ ಸಂಜೆ ಬಂದು ಕಾಲುಚೀಲಗಳ ತುದಿಯನ್ನೆಲ್ಲ ಮುಚ್ಚಿಕೊಟ್ಟರು. ಬೆರಳ ತುದಿಯಲ್ಲಿ ಅರ್ಧ ಕುಣಿಕೆಗಳು ಮುಂದಿನ ಕಡ್ಡಿಯಲ್ಲಿ, ಅರ್ಧ ಹಿಂದಿನದರಲ್ಲಿ ಉಳಿದಿರುತ್ತವೆ. ಹೊಲಿಗೆ ಸೂಜಿಯಿಂದ ಎರಡನ್ನೂ ಬೆಸೆಯುವುದಕ್ಕೆ ಕಿಚನರ್ ಹೊಲಿಗೆ ಅನ್ನುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಯುದ್ಧಮಂತ್ರಿಯಾಗಿದ್ದ ಲಾರ್ಡ್ ಕಿಚನರ್ ಹೆಸರು ಅದಕ್ಕೆ. ಸರಿಯಾಗಿ ಮಾಡಿದರೆ ಅಲ್ಲಿ ಏಣು ಇರುವುದಿಲ್ಲ, ಹೆಬ್ಬೆರಳಿಗೆ ಒತ್ತುವುದೂ ಇಲ್ಲ. ಅಕ್ಕ ಮೆಲ್ಲಗೆ ಹೇಳಿಕೊಳ್ಳುತ್ತಾ ಮಾಡುತ್ತಾರೆ: "ಮುಂದೆ ಸೀದಾ ಬಿಡು, ಉಲ್ಟಾ ಉಳಿಸು. ಹಿಂದೆ ಉಲ್ಟಾ ಬಿಡು, ಸೀದಾ ಉಳಿಸು." ಸೀದಾ, ಉಲ್ಟಾ ಅಂದರೆ ಸೂಜಿ ತೂರಿಸುವ ಎರಡು ರೀತಿ; ಬಿಡು ಅಂದರೆ ಕುಣಿಕೆಯನ್ನು ಕಡ್ಡಿಯಿಂದ ಇಳಿಸು ಅಂತ. ಆಗ ಯಾರೂ ಮಾತಾಡಿಸುವ ಹಾಗಿಲ್ಲ. ಬಾಗಿಲು ಬಡಿದವರನ್ನೂ ಮಗ ಹೊರಗೇ ನಿಲ್ಲಿಸಿದ. ಕೊನೆಯ ಕುಣಿಕೆ ಮುಚ್ಚಿ ದಾರ ಎಳೆದಾಗ ಎಲ್ಲಿ ಬೆಸೆದರು ಅಂತ ನನಗೇ ಕಾಣಲಿಲ್ಲ.

ನಿಮ್ಮ ಯಾರಿಗೂ ಈ ಸಲ ನನ್ನಿಂದ ಏನೂ ಬಂದಿಲ್ಲ, ಗೊತ್ತು. ಕೆಲಸ ಮಾಡಿದ್ದು ನೀವು, ಬೆಚ್ಚಗಿರುವುದು ಇನ್ಯಾರೋ. ಅದಕ್ಕೆ ಮುಂದಿನ ಸರದಿ ನಿಮ್ಮದು. ಪಾದದ ಅಳತೆ, ತಲೆಯ ಸುತ್ತಳತೆ ಎರಡನ್ನೂ ಕಳಿಸಿ. ಅಕ್ಕಾ, ನಿಮ್ಮ ಕಂದು ಉಂಡೆಯ ಲೆಕ್ಕವೂ ಅದರಲ್ಲೇ ತೀರುತ್ತದೆ. ಬಣ್ಣ ಯಾವುದಾದರೂ ಕೇಳಿ, ಕಪ್ಪು ಮಾತ್ರ ಬೇಡ. ರಾತ್ರಿ ದೀಪದ ಬೆಳಕಲ್ಲಿ ಕಪ್ಪು ಉಲ್ಲನ್ನಿನ ಕುಣಿಕೆ ನನ್ನ ಕಣ್ಣಿಗೆ ಕಾಣಲ್ಲ.