ನಷ್ಟದ ವರ್ಷದಲ್ಲೂ ಚರ್ಚ್ ಹಬ್ಬ ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ನಮ್ಮ ಊರಿನ ಚರ್ಚ್ ಹಬ್ಬದ ಬಗ್ಗೆ ಬರೆದಿದ್ದರು. ಕುಯ್ಲಿನ ಹೊತ್ತಿಗೆ ಮಳೆ ಸುರಿದು ಕಣದಲ್ಲಿ ಹರವಿದ್ದ ಕಾಫಿ ಕಪ್ಪಾಗಿದೆ, ಮನೆಮನೆಯಲ್ಲೂ ಸಾಲ ಇದೆ, ಇಂಥ ವರ್ಷದಲ್ಲಿ ಬ್ಯಾಂಡು, ದೀಪ, ಊಟ ಅಂತ ಇಷ್ಟೊಂದು ಸಂಭ್ರಮ ಬೇಕಿತ್ತಾ ಎಂದು ಕೇಳಿದ್ದರು. ಪಟಾಕಿಯ ವಿಷಯದಲ್ಲಿ ಅವರ ಮಾತು ಸರಿ. ಪಕ್ಕದ ಮನೆಯ ಹಸು ಹೆದರಿ ಹಗ್ಗ ಕಿತ್ತುಕೊಂಡು ಓಡಿದ್ದನ್ನು ನಾನೇ ನೋಡಿದೆ. ಮುಂದಿನ ವರ್ಷ ಪಟಾಕಿ ಬೇಡ ಅಂತ ಫಾದರ್ ಹತ್ತಿರ ಹೇಳಿದ್ದೇನೆ. ಆದರೆ ಉಳಿದ ಮಾತಿಗೆ ಉತ್ತರ ಕೊಡದೆ ಸುಮ್ನೆ ಇರಲು ಆಗುತ್ತಿಲ್ಲ.

ನಾನು ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರ್ ಆಗಿದ್ದವನು. ಚೆಕ್‌ರೋಲ್ ಅಂದರೆ ಕೂಲಿಯವರ ಹಾಜರಿ ಪುಸ್ತಕ ಬರೆಯುವುದು, ಸಂಜೆ ಹಣ್ಣು ತೂಗುವುದು, ಶನಿವಾರ ಬಟವಾಡೆ ಮಾಡುವುದು ನನ್ನ ಕೆಲಸ. ದೇವರೂ ಹೀಗೇ ಒಂದು ಚೆಕ್‌ರೋಲ್ ಇಟ್ಟುಕೊಂಡು ಕೂತಿದ್ದಾನೆ ಅಂತ ಬಹಳ ಕಾಲ ನಂಬಿದ್ದೆ. ಪೂಜೆಗೆ ಬಂದರೆ ಹಾಜರಿ, ಜಪಸರ ಹೇಳಿದರೆ ಅರ್ಧ ಹಾಜರಿ, ತಪ್ಪಿದರೆ ಕಟ್. ಒಂದು ಭಾನುವಾರವೂ ತಪ್ಪಿಸಿದವನಲ್ಲ. ಆದರೆ ಖುಷಿ ಇರಲಿಲ್ಲ. ಕೂಲಿ ಕೈಗೆ ಬರುತ್ತೋ ಇಲ್ಲವೋ ಅಂತ ಕಾಯುವವನ ಮುಖ ಹೊತ್ತುಕೊಂಡೇ ಹೋಗಿ ಬರುತ್ತಿದ್ದೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಕುಯ್ಲಿನಲ್ಲಿ ಕೆ.ಜಿ. ಲೆಕ್ಕದ ಕೂಲಿ. ಹಣ್ಣು ಒದ್ದೆ ಇದೆ, ಎಲೆ ಸೇರಿದೆ ಅಂತ ನಾನು ಚೀಲಕ್ಕೆ ಒಂದು ಕೆ.ಜಿ. ಕಮ್ಮಿ ಬರೆಯುತ್ತಿದ್ದೆ. ಒಣ ಬಿಸಿಲಿನ ದಿನವೂ ಹಾಗೇ ಬರೆದೆ. ಧಣಿಗಳು ಹೇಳಿರಲಿಲ್ಲ. ದುಡ್ಡು ನನ್ನ ಜೇಬಿಗೂ ಬರಲಿಲ್ಲ. ಖರ್ಚು ಕಮ್ಮಿ ತೋರಿಸಿ ಒಳ್ಳೆ ಹೆಸರು ತಗೊಳ್ಳುವ ಆಸೆ. ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿ ಕುಯ್ದ ಹೆಂಗಸರು ತಕ್ಕಡಿಯ ಮುಳ್ಳು ನೋಡುತ್ತಿದ್ದರು, ನನ್ನ ಪೆನ್ನು ನೋಡುತ್ತಿದ್ದರು, ಏನೂ ಹೇಳದೆ ಖಾಲಿ ಚೀಲ ಮಡಚಿಕೊಂಡು ಹೋಗುತ್ತಿದ್ದರು.

2018ರ ಆಗಸ್ಟ್ ಕೊಡಗಿನಲ್ಲಿ ಯಾರಿಗೂ ಮರೆಯುವುದಿಲ್ಲ. ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ ಕಡೆ ಗುಡ್ಡಗಳು ಕುಸಿದ ದಿನಗಳು. ನಮ್ಮ ತೋಟದ ರಸ್ತೆಗೂ ಮಣ್ಣು ಬಿದ್ದಿತ್ತು. ಅದೇ ದಿನ ನನ್ನ ಹೆಂಡತಿಗೆ ಉಸಿರಾಟದ ತೊಂದರೆ ಜಾಸ್ತಿ ಆಯಿತು. ಕರೆಂಟ್ ಇಲ್ಲ, ಫೋನ್ ಇಲ್ಲ. ಲೈನ್ ಮನೆಯವರು, ಅಂದರೆ ತೋಟದ ಕೂಲಿಯವರು, ಹೇಗೋ ತಿಳಿದು ಬಂದರು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಗಳ ಕಟ್ಟಿ, ಅವಳನ್ನು ಕೂರಿಸಿ, ಮೇಲೆ ಟಾರ್ಪಾಲು ಹೊದಿಸಿ ಹೊತ್ತರು. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಮೊಣಕಾಲು ಮಟ್ಟ ಕೆಸರು. ಮುಂದೆ ಹೊತ್ತಿದ್ದ ಅಕ್ಕನ ಕಾಲಿಗೆ ಜಿಗಣೆ ಹತ್ತಿ ರಕ್ತ ಇಳಿಯುತ್ತಿತ್ತು. ನಿಂತು ಕೀಳೋಣ ಅಂದರೆ ಬೇಡ ಅಂದರು. ಜೀಪು ನಿಂತಿದ್ದ ಕಡೆಗೆ ತಲುಪಲು ಒಂದೂವರೆ ಗಂಟೆ ಬೇಕಾಯಿತು. ಹೆಂಡತಿ ಉಳಿದಳು.

ವಾರ ಕಳೆದ ಮೇಲೆ ಆ ಅಕ್ಕನ ಮುಂದೆ ನಿಂತು ತೂಕದ ವಿಷಯ ಬಾಯಿಬಿಟ್ಟೆ. "ಗೊತ್ತಿತ್ತು ರೈಟರೇ, ಎಲ್ಲರಿಗೂ ಗೊತ್ತಿತ್ತು" ಅಂದರು. ಗೊತ್ತಿದ್ದೇ ಹೊತ್ತಿದ್ದರು.

ಬೈಬಲಿನಲ್ಲಿ ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಜಕ್ಕಾಯನ ಕಥೆ ಇದೆ. ಸುಂಕ ವಸೂಲಿಯವನು, ಶ್ರೀಮಂತ, ಕುಳ್ಳ. ಯೇಸುವನ್ನು ನೋಡಲು ಮರ ಹತ್ತಿದ. ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ, ಆದರೆ ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಆ ವರ್ಷವೇ ಗಮನಿಸಿದ್ದು. ಮೊದಲು ದುಡ್ಡು ವಾಪಸ್ ಕೊಡು, ಆಮೇಲೆ ನಿನ್ನ ಮನೆಗೆ ಬರ್ತೇನೆ ಅಂತ ಯೇಸು ಹೇಳಲಿಲ್ಲ. ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇರಬೇಕು ಅಂದ. ಜಕ್ಕಾಯ ಸಂತೋಷದಿಂದ ಬರಮಾಡಿಕೊಂಡ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅನ್ನುವ ಮಾತು ಬಂದಿದ್ದು ಆಮೇಲೆ. ಪ್ರೀತಿ ಮೊದಲು ಬಂತು, ಅದರ ಹಿಂದೆ ಸಂತೋಷ ಬಂತು, ಕೈ ತಾನಾಗಿ ಬಿಚ್ಚಿತು. ನಾನು ಇಷ್ಟು ವರ್ಷ ಇದನ್ನು ತಿರುವುಮುರುವಾಗಿ ಓದಿದ್ದೆ.

ನಿವೃತ್ತಿಯಾದಾಗ ಬಂದ ಗ್ರಾಚ್ಯುಟಿಯಲ್ಲಿ ಒಂದು ಭಾಗ ತೆಗೆದಿಟ್ಟೆ. ಹಳೆಯ ನೋಟ್‌ಬುಕ್ ಹುಡುಕಿ ಆದಷ್ಟು ಲೆಕ್ಕ ಹಾಕಿದೆ. ನಾಲ್ಕರಷ್ಟು ಕೊಡುವ ಶಕ್ತಿ ಇರಲಿಲ್ಲ, ಎರಡರಷ್ಟು ಕೊಟ್ಟೆ. ಒಬ್ಬರು ತೀರಿಕೊಂಡಿದ್ದರು, ಮಗನ ಕೈಗೆ ಕೊಟ್ಟೆ. ಕುರ್ಚಿ ಹೊತ್ತಿದ್ದ ಅಕ್ಕ ಬೆರಳು ಒದ್ದೆ ಮಾಡಿಕೊಂಡು ನೋಟುಗಳನ್ನು ಎರಡು ಸಲ ಎಣಿಸಿದರು. ಆಮೇಲೆ ಇಪ್ಪತ್ತರ ಒಂದು ನೋಟು ತೆಗೆದು ನನ್ನ ಕಡೆ ಚಾಚಿದರು. "ಇದು ಜಾಸ್ತಿ ಬಂದಿದೆ ರೈಟರೇ" ಅಂದರು. ಆ ದಿನ ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ. ಕೈಯಿಂದ ಹಣ ಹೋದ ದಿನ ಹಾಡಿದ್ದು ಅದೇ ಮೊದಲು.

ಈಗ ಹಬ್ಬದ ಪ್ರಶ್ನೆಗೆ ಬರುತ್ತೇನೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ಶುರುವಾಗಿದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಒಡೆಯರು ಇಲ್ಲಿ ನೆಲೆ ಕೊಟ್ಟರು. ಬಂದವರ ಕೈ ಖಾಲಿ. ಆ ಕೈಗಳಿಂದಲೇ ಚರ್ಚ್ ಶುರುವಾಯಿತು. ಲಾಭ ಬರಲಿ, ಆಮೇಲೆ ದೇವರಿಗೆ ಹಾಡೋಣ ಅಂತ ಅವರು ಕಾದಿದ್ದರೆ ಇವತ್ತು ಕೊಡಗಿನಲ್ಲಿ ಚರ್ಚ್ ಹಬ್ಬವೇ ಇರುತ್ತಿರಲಿಲ್ಲ. ನಮ್ಮ ಕೊಡವ ನೆರೆಯವರೂ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ "ಪೊಲಿ ಪೊಲಿ ದೇವಾ", ಅಂದರೆ ಹೆಚ್ಚಲಿ ದೇವಾ, ಅಂತ ಕೂಗಿಯೇ ಕದಿರು ಕೊಯ್ಯುತ್ತಾರೆ. ಎಷ್ಟು ಕ್ವಿಂಟಾಲ್ ಆಯಿತು ಅಂತ ತೂಗಿ ನೋಡಿ ಆಮೇಲೆ ಕೂಗುವುದಿಲ್ಲ, ಅಲ್ವಾ?

ಈ ವರ್ಷ ನನ್ನ ಒಂದೂವರೆ ಎಕರೆಯ ಕಾಫಿಯೂ ಒದ್ದೆಯಾಗಿದೆ. ಬೇಜಾರಿಲ್ಲ ಅಂತ ಹೇಳುವುದಿಲ್ಲ. ರಾತ್ರಿ ಎದ್ದು ಲೆಕ್ಕ ಹಾಕಿದ್ದೇನೆ, ದೇವರ ಹತ್ತಿರ ಜಗಳವನ್ನೂ ಆಡಿದ್ದೇನೆ. ಆದರೆ ಹಬ್ಬ ನನ್ನ ಕಾಫಿಯದ್ದಲ್ಲ. ಸಂತೋಷದಿಂದಿರಿ ಅಂತ ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದಾಗ ಸಂತ ಪೌಲ ಸೆರೆಯಲ್ಲಿದ್ದ.

ಹಬ್ಬದ ಮಧ್ಯಾಹ್ನ ಬಡಿಸುವ ಸಾಲಿನಲ್ಲಿ ಅನ್ನದ ಬುಟ್ಟಿ ನನ್ನ ಕೈಯಲ್ಲಿತ್ತು. ಲೈನ್ ಮನೆಯವರು ಮಕ್ಕಳ ಜೊತೆ ಬಂದಿದ್ದರು, ಆ ಅಕ್ಕನೂ ಇದ್ದರು. ಯಾರ ಜಾತಿ, ಯಾವ ಧರ್ಮ ಅಂತ ಬಾಗಿಲಲ್ಲಿ ಯಾರೂ ಕೇಳಲಿಲ್ಲ. ಪತ್ರ ಬರೆದ ಸಹೋದರರು ಮುಂದಿನ ವರ್ಷ ಊಟದ ಹೊತ್ತಿಗೆ ಬರಬೇಕು. ಬುಟ್ಟಿ ಹಿಡಿದ, ಬಿಳಿ ಮೀಸೆಯ ಮುದುಕ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಇತಿ,
ಒಬ್ಬ ನಿವೃತ್ತ ಎಸ್ಟೇಟ್ ರೈಟರ್
ಸುಂಟಿಕೊಪ್ಪ, ಕೊಡಗು