ಹೆಸರು ಗೊತ್ತಿಲ್ಲದ ಗಿಡಗಳಿಗೂ ಒಂದು ಮೂಲೆ ಕೊಡಿ

ಸಂಪಾದಕರೇ,

ಕಳೆದ ಆಗಸ್ಟ್‌ನಲ್ಲಿ ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋಗಿದ್ದೆ. ಅಳಿಯ ಒಂದು ವಾರಕ್ಕೆ ನ್ಯಾರೋಬೋಟ್ ಬಾಡಿಗೆಗೆ ಹಿಡಿದಿದ್ದರು. ಏಳಡಿ ಅಗಲದ ಉದ್ದನೆ ದೋಣಿ, ಅಡುಗೆ, ನಿದ್ದೆ ಎಲ್ಲ ಅದರೊಳಗೇ. ಕಾಲುವೆಯಲ್ಲಿ ಗಂಟೆಗೆ ನಾಲ್ಕು ಮೈಲಿಗಿಂತ ಜೋರಾಗಿ ಹೋಗುವಂತಿಲ್ಲ, ನಾಯಿ ಹಿಡಿದು ವಾಕಿಂಗ್ ಹೊರಟವರೇ ನಮ್ಮನ್ನು ಹಿಂದೆ ಹಾಕುತ್ತಿದ್ದರು! ದಡದ ಗಿಡ ನೋಡುವುದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ.

ಒಂದು ಕಡೆ ದಡದ ತುಂಬ ಆಳೆತ್ತರದ ಗಿಡ, ಗುಲಾಬಿ ಬಣ್ಣದ ಹೂ, ನೀರು ತುಂಬಿದಂಥ ಕೆಂಪು ಕಾಂಡ. ಕಾಯಿ ಮುಟ್ಟಿದೆ ಅಷ್ಟೇ, ಪಟ್ ಅಂತ ಸಿಡಿದು ಬೀಜ ಕನ್ನಡಕಕ್ಕೆ ಬಡಿಯಿತು. ಅರೆ, ಇದು ನಮ್ಮ ಗೌರಿ ಹೂವಿನ ನೆಂಟ ಅಲ್ವಾ! ಹಿಮಾಲಯನ್ ಬಾಲ್ಸಮ್ ಅಂತ ಹೆಸರು, 1839ರಲ್ಲಿ ಅಂದಕ್ಕೆಂದು ಹಿಮಾಲಯದಿಂದ ತಂದರಂತೆ. ಬೀಜವನ್ನು ಏಳು ಮೀಟರ್ ದೂರಕ್ಕೆ ಎಸೆಯುವ ಗಿಡ, ಈಗ ಅಲ್ಲಿನವರಿಗೆ ನಮ್ಮ ಲಂಟಾನದ ಹಾಗೆ ತಲೆನೋವು.

ಇನ್ನೊಂದು ಗಿಡಕ್ಕೆ ಕೊತ್ತಂಬರಿಯಂಥ ಬಿಳಿ ಹೂಗೊಂಚಲು. ಮೊಬೈಲ್ ಆ್ಯಪ್ ಕಾಡು ಕ್ಯಾರೆಟ್ ಅಂದಿತು. ಬೇರು ಕೀಳೋಣ ಅಂತ ಬಗ್ಗಿದಾಗ ಪಕ್ಕದ ದೋಣಿಯ ಅಜ್ಜ ಕೂಗಿ ನಿಲ್ಲಿಸಿದರು. ನುಣುಪು ಕಾಂಡದ ಮೇಲೆ ಕೆನ್ನೇರಳೆ ಮಚ್ಚೆ ತೋರಿಸಿದರು. ಅದು ಹೆಮ್ಲಾಕ್, ಸಾಕ್ರಟೀಸ್‌ಗೆ ಕುಡಿಸಿದ ವಿಷ. ನಾನು ಫೋಟೊ ತೆಗೆದದ್ದು ಹೂವಿನದು ಮಾತ್ರ, ಕಾಂಡ ನೋಡಿರಲೇ ಇಲ್ಲ.

ಕೊಡಗಿನ ನಮ್ಮ ಊರಿಗೆ ಬಂದ ಮೇಲೆ ತೋಟದ ಪಕ್ಕದ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ನಡೆದೆ. ಅರ್ಧಕ್ಕರ್ಧ ಗಿಡದ ಹೆಸರು ನನಗೆ ಗೊತ್ತಿಲ್ಲ, ಇಲ್ಲೇ ಹುಟ್ಟಿ ಬೆಳೆದವನು! ತೋಟದ ಕೆಲಸಕ್ಕೆ ಬರುವ ಯರವ ಬುಡಕಟ್ಟಿನ ಅಜ್ಜಿ ಮಾತ್ರ ಒಂದೊಂದನ್ನೂ ಮುರಿದು, ಮೂಸಿ, ಹೆಸರು ಹೇಳುತ್ತಾ ಹೋದರು. ಕಕ್ಕಡ 18ಕ್ಕೆ, ಅಂದರೆ ಕೊಡವರ ಮಳೆಗಾಲದ ತಿಂಗಳ ಹದಿನೆಂಟನೇ ದಿನ, ಬೇಯಿಸಿ ತಿನ್ನುವ ಮದ್ದು ಸೊಪ್ಪಿನ ಫೋಟೊ ಹಾಕಿ ಸಹ ಈಗಿನ ಹುಡುಗರು ವಾಟ್ಸಾಪ್‌ನಲ್ಲಿ 'ಇದೇನಾ' ಅಂತ ಕೇಳುತ್ತಾರೆ. ಕುದಿಸಿದರೆ ನೀರು ನೇರಳೆಯಾಗುತ್ತೆ, ಆದರೆ ಅದನ್ನು ಫೋಟೊ ನೋಡಿ ಹೇಳೋದು ಹೇಗೆ?

ಅದಕ್ಕೇ ಕೇಳುತ್ತಿದ್ದೇನೆ. ಭಾನುವಾರದ ಪುಟದಲ್ಲಿ ಅಂಗೈಯಷ್ಟು ಜಾಗ ಕೊಡಿ. ಓದುಗರು ಗಿಡದ ಫೋಟೊ ಕಳಿಸಲಿ, ಹೂ ಮಾತ್ರ ಅಲ್ಲ, ಕಾಂಡ, ಎಲೆಯ ಹಿಂಭಾಗ ಸೇರಿಸಿ. ಗೊತ್ತಿದ್ದವರು ಕೊಡವ, ಅರೆಭಾಷೆ, ಯರವ ಭಾಷೆ, ಯಾವುದರಲ್ಲಿ ಗೊತ್ತೋ ಅದರಲ್ಲಿ ಹೆಸರು ಹೇಳಲಿ. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ನೋಡಿಕೊಟ್ಟರೆ ಇನ್ನೂ ಒಳ್ಳೇದು.

ಮೊದಲ ಫೋಟೊ ಈ ಪತ್ರದ ಜೊತೆಗೇ ಇದೆ. ತೋಡಿನ ಅಂಚಿನಲ್ಲಿ ಮೊಣಕಾಲೆತ್ತರ, ಚೌಕ ಕಾಂಡ, ಎದುರುಬದುರು ಎಲೆ, ತಿಕ್ಕಿದರೆ ಮಾವಿನಕಾಯಿ ವಾಸನೆ. ಇದನ್ನು ಕಂಡ ದಿನ ಅಜ್ಜಿ ರಜೆಯಲ್ಲಿದ್ದರು. ಯಾರಿಗಾದರೂ ಗೊತ್ತಾ?

– ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು