ಶನಿವಾರ ನಿಮ್ಮದಾ, ಸ್ಕೂಲಿನದಾ?

ಈಚೆಗೆ ನಮ್ಮ ಸಂಘಕ್ಕೆ ಸೇರುತ್ತಿರುವವರೆಲ್ಲ ಬೆಂಗಳೂರು, ಮೈಸೂರಿನಿಂದ ನೇರವಾಗಿ ಬಂದವರಲ್ಲ. ಸಿಡ್ನಿಯಿಂದ ಗಂಟುಮೂಟೆ ಕಟ್ಟಿಕೊಂಡು ಮೆಲ್ಬರ್ನಿಗೆ ಬಂದವರೂ ಇದ್ದಾರೆ. ಕೆಲವರಿಗೆ ಕೆಲಸ ಬದಲಾಗಿದೆ, ಕೆಲವರಿಗೆ ಸಿಡ್ನಿಯ ಮನೆ ಬೆಲೆ ಸಾಕಾಗಿದೆ. ದೇವಸ್ಥಾನ ಎಲ್ಲಿ, ಒಳ್ಳೆ ಇಡ್ಲಿ ಅಕ್ಕಿ ಎಲ್ಲಿ ಸಿಗುತ್ತೆ ಅನ್ನುವ ವಿಚಾರಣೆ ಬೇಗ ಮುಗಿಯುತ್ತದೆ. ಆಮೇಲೆ ಬರುವ ಪ್ರಶ್ನೆ ಒಂದೇ: "ಅಕ್ಕ, ಇಲ್ಲಿ ಯಾವ ಪ್ರೈವೇಟ್ ಸ್ಕೂಲ್ ಚೆನ್ನಾಗಿದೆ?"

ನಾನೂ ಸಿಡ್ನಿ ಬಿಟ್ಟು ಬಂದವಳೇ. ಈ ಪ್ರಶ್ನೆಗೆ ನಾನು ಸ್ಕೂಲಿನ ಹೆಸರು ಹೇಳುವುದನ್ನು ನಿಲ್ಲಿಸಿದ್ದೇನೆ. ಬದಲಿಗೆ, ನಿಮ್ಮ ಮನೆಯಲ್ಲಿ ಶನಿವಾರ ಹೇಗೆ ಕಳೆಯಬೇಕು ಅಂತ ಇದೆ ಎಂದು ಕೇಳುತ್ತೇನೆ. ಸುಮ್ನೆ ಮಾತು ತೇಲಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ಸುಮ್ನೆ ಅಲ್ಲ. ಎರಡೂ ಊರಿನ ಹಳೆಯ ಗಂಡುಮಕ್ಕಳ ಸ್ಕೂಲುಗಳಲ್ಲಿ ಶನಿವಾರದ ಆಟ ಕಡ್ಡಾಯ. ಮಗನಿಗೆ ಆಸಕ್ತಿ ಇರಲಿ ಬಿಡಲಿ, ಯಾವುದಾದರೂ ಒಂದು ಟೀಮಿನಲ್ಲಿ ಇರಲೇಬೇಕು. ಸಿಡ್ನಿಯಲ್ಲಿ ಚಳಿಗಾಲ ಬಂದರೆ ರಗ್ಬಿ, ಇಲ್ಲಿ ಫೂಟಿ, ಅಂದರೆ ಆಸ್ಟ್ರೇಲಿಯದವರದೇ ಫುಟ್‌ಬಾಲ್. ಬೇಸಿಗೆಯಲ್ಲಿ ಕ್ರಿಕೆಟ್ ಇರುವುದರಿಂದ ನಮ್ಮ ಮಕ್ಕಳು ಬಚಾವ್. ರೋಯಿಂಗ್‌ಗೆ ಸೇರಿದರೆ ಮಾತ್ರ ಅಪ್ಪ ಅಮ್ಮ ಕೋಳಿ ಕೂಗುವ ಮೊದಲೇ ಎದ್ದು ಕಾರು ತೆಗೆಯಬೇಕು.

ಹೆಣ್ಣುಮಕ್ಕಳ ಸ್ಕೂಲಿನ ಕಥೆ ಬೇರೆ. ಸಿಡ್ನಿಯ ಖಾಸಗಿ ಹೆಣ್ಣುಮಕ್ಕಳ ಶಾಲೆಗಳ ನೆಟ್‌ಬಾಲ್ ಇರುವುದು ಶನಿವಾರ ಬೆಳಿಗ್ಗೆ. ಮೆಲ್ಬರ್ನಿನ ಹೆಣ್ಣುಮಕ್ಕಳ ಶಾಲೆಗಳು ತಮ್ಮೊಳಗಿನ ಪಂದ್ಯಗಳನ್ನು ವಾರದ ನಡುವೆಯೇ, ಸ್ಕೂಲು ಬಿಟ್ಟ ಮೇಲೆ ಮುಗಿಸುತ್ತವೆ. ಅದೇ ಮಗಳನ್ನು ಇಲ್ಲಿನ ದೊಡ್ಡ ಕೋ-ಎಡ್ ಸ್ಕೂಲಿಗೆ ಹಾಕಿದರೆ ಶನಿವಾರ ಮತ್ತೆ ಹೋಯಿತು. ಭರತನಾಟ್ಯ, ವಾರಾಂತ್ಯದ ಕನ್ನಡ ತರಗತಿ, ಊರಿನಲ್ಲಿರುವ ಅಜ್ಜಿ ಜೊತೆ ವೀಡಿಯೊ ಕಾಲ್, ಇವೆಲ್ಲ ಆ ಒಂದು ದಿನದ ಸುತ್ತ ತಿರುಗುವ ಮನೆಗಳಿಗೆ ಇದು ಸಣ್ಣ ವಿಷಯ ಅಲ್ಲ. ಸ್ಕೂಲಿನ ಹೊಳೆಯುವ ಪುಸ್ತಿಕೆಯಲ್ಲಿ ಇದಕ್ಕೆ ಒಂದೇ ಒಂದು ಸಾಲು ಇರುತ್ತದೆ.

ನಮ್ಮ ಮೊದಲ ಚಳಿಗಾಲದ ಒಂದು ಶನಿವಾರ ಹೇಳುತ್ತೇನೆ. ಜುಲೈ ತಿಂಗಳು, ಬೆಳಿಗ್ಗೆ ಎಂಟು ಗಂಟೆ, ಹುಲ್ಲಿನ ಮೇಲೆ ಇಬ್ಬನಿ. ಮಗ ಏಳನೇ ಕ್ಲಾಸಿನ ಡಿ ಟೀಮ್. ಚೆಂಡು ಕೈಗೆ ಸಿಕ್ಕಿದ್ದೇ ತಡ, ಸಿಡ್ನಿಯ ಅಭ್ಯಾಸದಲ್ಲಿ ರಗ್ಬಿಯವರ ಹಾಗೆ ಪಕ್ಕದವನಿಗೆ ಎಸೆದ. ಫೂಟಿಯಲ್ಲಿ ಎಸೆಯುವ ಹಾಗಿಲ್ಲ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು. ಅಂಪೈರ್ ಸೀಟಿ ಊದಿದರು. ಅತ್ತ ಗೆರೆಯ ಬದಿಯಲ್ಲಿ ನಿಂತಿದ್ದ ಒಬ್ಬ ತಂದೆ ನಮ್ಮ ಯಜಮಾನರನ್ನು ಮಾತಿಗೆಳೆದು, ನೀವು ಯಾವ ಸ್ಕೂಲು ಅಂತ ಕೇಳಿದರು. ಕೆಲಸ ಏನು, ಮನೆ ಎಲ್ಲಿ ಅಂತ ಅಲ್ಲ. ಯಾವ ಸ್ಕೂಲು. ಇವರು "ಅರಕಲಗೂಡು ಗವರ್ನಮೆಂಟ್ ಹೈಸ್ಕೂಲು" ಅಂದರು. ಅವರು ಅದೆಲ್ಲೋ ಗೀಲಾಂಗ್ ಆಚೆ ಇರಬೇಕು ಅನ್ನುವ ಹಾಗೆ ಗೌರವದಿಂದ ತಲೆಯಾಡಿಸಿದರು.

ಈ ಪ್ರಶ್ನೆ ನನಗೆ ಸಿಡ್ನಿಯಲ್ಲಿ ಇಷ್ಟು ಕೇಳಿಬಂದಿರಲಿಲ್ಲ. ಅಲ್ಲೇನು ಹಳೆಯ ಸ್ಕೂಲುಗಳಿಲ್ಲವೇ? ಪ್ಯಾರಮಟ್ಟಾದ ಕಿಂಗ್ಸ್ ಸ್ಕೂಲ್ ಶುರುವಾಗಿದ್ದು 1831ರಲ್ಲಿ, ಇಲ್ಲಿನ ಸ್ಕಾಚ್ ಕಾಲೇಜ್‌ಗಿಂತ ಇಪ್ಪತ್ತು ವರ್ಷ ಮೊದಲು. ಅಲ್ಲಿನ ಮಕ್ಕಳು ಇವತ್ತಿಗೂ ಸೈನಿಕರಂಥ ಯೂನಿಫಾರ್ಮ್ ತೊಡುತ್ತಾರೆ. ಆದರೆ ನಮ್ಮ ಜನದ ಮಟ್ಟಿಗೆ ಸಿಡ್ನಿಯಲ್ಲಿ ಪ್ರೈವೇಟ್ ಸ್ಕೂಲು ಎರಡನೇ ಮಾತು. ಮೊದಲನೆಯದು ಸರ್ಕಾರಿ ಸೆಲೆಕ್ಟಿವ್ ಹೈಸ್ಕೂಲು. ಆರನೇ ಕ್ಲಾಸಿನಲ್ಲಿ ಪರೀಕ್ಷೆ, ಏಳಕ್ಕೆ ಪ್ರವೇಶ. ಅದಕ್ಕೆ ನಾಲ್ಕನೇ ಕ್ಲಾಸಿನಿಂದಲೇ ಕೋಚಿಂಗ್. ಸೀಟು ಸಿಗದಿದ್ದರೆ ಆಗ ಪ್ರೈವೇಟ್ ಸ್ಕೂಲಿನ ಫಾರಂ ಹೊರಗೆ ಬರುತ್ತದೆ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಈ ಲೆಕ್ಕ ತಲೆಕೆಳಗು. ಪರೀಕ್ಷೆ ಬರೆದು ಸೇರುವ ಸರ್ಕಾರಿ ಸೆಲೆಕ್ಟಿವ್ ಸ್ಕೂಲುಗಳು ಇಲ್ಲಿ ನಾಲ್ಕೇ: ಮೆಲ್ಬರ್ನ್ ಹೈ, ಮ್ಯಾಕ್‌ರಾಬರ್ಟ್‌ಸನ್, ಬೆರಿಕ್‌ನ ನಾಸಲ್, ವೆರಿಬಿಯ ಸುಝಾನ್ ಕೋರಿ. ಅವು ಶುರುವಾಗುವುದೇ ಒಂಬತ್ತನೇ ಕ್ಲಾಸಿನಿಂದ. ಹಾಗಾಗಿ ಏಳು, ಎಂಟು ಎಲ್ಲಿ ಓದಿಸುವುದು ಅನ್ನುವ ಪ್ರಶ್ನೆ ಬರುತ್ತದೆ. ಒಂದಷ್ಟು ಮನೆಗಳವರು ಆ ಎರಡು ವರ್ಷಕ್ಕೆ ಪ್ರೈವೇಟ್‌ಗೆ ಸೇರಿಸಿ, ಸೀಟು ಸಿಕ್ಕಿದ ಮೇಲೆ ಬಿಡಿಸಿಕೊಂಡು ಹೋಗುತ್ತಾರೆ. ಸ್ಕೂಲಿನವರಿಗೆ ಇದು ಗೊತ್ತು, ಇಷ್ಟವೂ ಇಲ್ಲ. ಮಗು ಆಗಷ್ಟೇ ಗೆಳೆಯರನ್ನು ಮಾಡಿಕೊಂಡಿರುತ್ತದೆ. ನನ್ನನ್ನು ಕೇಳಿದರೆ ಇದು ತಪ್ಪಲ್ಲ, ಆದರೆ ಮಗುವಿಗೆ ಮೊದಲೇ ಹೇಳಿರಬೇಕು. ಇನ್ನು ಇಲ್ಲಿಂದ ಸಿಡ್ನಿಗೆ ಹೊರಟವರು ಮಗು ಏಳನೇ ಕ್ಲಾಸು ಮುಟ್ಟುವ ಮುಂಚೆಯೇ ಹೊರಡುವುದು ವಾಸಿ. ಆಮೇಲೆ ಅಲ್ಲಿ ಖಾಲಿ ಬಿದ್ದ ಸೀಟಿಗಾಗಿ ಕಾಯುತ್ತಾ ಕೂರಬೇಕು.

ಹನ್ನೆರಡನೇ ಕ್ಲಾಸಿನ ಫಲಿತಾಂಶ ನೋಡಿ ಸ್ಕೂಲುಗಳಿಗೆ ಕೊಡುವ ರ್ಯಾಂಕ್ ಪಟ್ಟಿಯ ಬಗ್ಗೆಯೂ ಹೇಳಬೇಕು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಡಿಸೆಂಬರ್ ಅದು ಬಂದೇ ಬರುತ್ತದೆ. ಪಿಯುಸಿ ಕಾಲೇಜಿನ ಹೊರಗೆ ಟಾಪರ್‌ಗಳ ಫೋಟೊ ಹಾಕಿದ ಫ್ಲೆಕ್ಸ್ ನೋಡಿ ಬೆಳೆದವರು ನಾವು, ಚಟ ಬಿಡುವುದಿಲ್ಲ. ಆದರೆ ಎರಡೂ ರಾಜ್ಯದ ಪಟ್ಟಿಗಳು ಅಳೆಯುವುದು ಬೇರೆ ಬೇರೆ. ಸಿಡ್ನಿಯದು ಒಂದು ವಿಷಯದಲ್ಲಿ 90 ಅಥವಾ ಅದಕ್ಕಿಂತ ಜಾಸ್ತಿ ಅಂಕ ತೆಗೆದವರ ಹೆಸರುಗಳನ್ನು ಎಣಿಸಿ ಪತ್ರಿಕೆಗಳು ಮಾಡುವ ಪಟ್ಟಿ. 89 ತೆಗೆದ ಮಗು ಅದರಲ್ಲಿ ಕಾಣುವುದೇ ಇಲ್ಲ. ವಿಕ್ಟೋರಿಯಾದ್ದು ಸ್ಕೂಲಿನ ಎಲ್ಲ ಅಂಕಗಳನ್ನು ಸಾಲಾಗಿ ಇಟ್ಟರೆ ಮಧ್ಯದಲ್ಲಿ ಬರುವ ಅಂಕ. ಒಂದೊಂದು ವಿಷಯಕ್ಕೂ 50ಕ್ಕೆ ಕೊಡುವ ಸ್ಟಡಿ ಸ್ಕೋರ್‌ನಲ್ಲಿ ರಾಜ್ಯದ ಸರಾಸರಿಯನ್ನು 30ಕ್ಕೆ ನಿಲ್ಲಿಸಿರುತ್ತಾರೆ. ಅಂದರೆ ಅಲ್ಲಿನ ಪಟ್ಟಿ ಮುಂದಿನ ಬೆಂಚಿನವರ ಕಥೆ ಹೇಳುತ್ತದೆ, ಇಲ್ಲಿನದು ಮಧ್ಯದ ಬೆಂಚಿನವರದು. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಕೂರುವುದು ಮಧ್ಯದ ಬೆಂಚಿನಲ್ಲೇ ಅಲ್ವಾ? ಅದಕ್ಕೇ ಇಲ್ಲಿನ ಪಟ್ಟಿಯ ಮೇಲೆ ನನಗೆ ಕೊಂಚ ಒಲವು. ಸ್ಕಾಲರ್‌ಶಿಪ್ ಕೊಟ್ಟು ಜಾಣ ಮಕ್ಕಳನ್ನು ಕರೆಸಿಕೊಂಡರೆ ಆ ಮಧ್ಯವೂ ಮೇಲೇರುತ್ತದೆ ಅನ್ನುವುದು ನೆನಪಿರಲಿ.

ಹಳೆಯ ಪ್ರೈವೇಟ್ ಸ್ಕೂಲುಗಳಲ್ಲಿ ಎಷ್ಟೋ ಚರ್ಚಿಗೆ ಸೇರಿದವು. ಧರ್ಮದ ವಿಷಯದಲ್ಲಿ ಸಿಡ್ನಿಯ ಆಂಗ್ಲಿಕನ್ ಚರ್ಚು ಮೊದಲಿನಿಂದಲೂ ಸಂಪ್ರದಾಯಕ್ಕೆ ಅಂಟಿಕೊಂಡಿದ್ದು. ಮೆಲ್ಬರ್ನಿನದು ಸ್ವಲ್ಪ ಸಡಿಲ. ಎರಡೂ ಕಡೆ ಚಾಪೆಲ್, ಅಂದರೆ ಸ್ಕೂಲಿನ ಪ್ರಾರ್ಥನೆ, ಇರುತ್ತದೆ, ನಮ್ಮ ಮಕ್ಕಳೂ ಹೋಗಿ ಕೂರುತ್ತಾರೆ, ಹಾಡು ಕಲಿತು ಬಂದು ಮನೆಯಲ್ಲಿ ಹಾಡುತ್ತಾರೆ. ಗಾಬರಿ ಬೇಡ.

ಸಿಡ್ನಿಯಿಂದ ಹ್ಯೂಮ್ ಹೈವೇಯಲ್ಲಿ ಸಾಮಾನು ತುಂಬಿಕೊಂಡು ಬರುವವರು ಗೋಲ್‌ಬರ್ನ್‌ನಲ್ಲಿ ಆ ದೊಡ್ಡ ಕುರಿಯ ಪ್ರತಿಮೆಯ ಹತ್ತಿರ ಕಾಫಿಗೆ ನಿಲ್ಲಿಸಿರುತ್ತೀರಿ. ಇವತ್ತಿನ ಫೀಸಿನ ಒಂದು ಬೇರು ಅದೇ ಊರಿನಲ್ಲಿದೆ. 1962ರಲ್ಲಿ ಅಲ್ಲಿನ ಒಂದು ಕ್ಯಾಥೊಲಿಕ್ ಶಾಲೆಗೆ ಇನ್ನೂ ಮೂರು ಟಾಯ್ಲೆಟ್ ಕಟ್ಟಿಸಿ ಅಂತ ಸರ್ಕಾರ ಹೇಳಿತು. ದುಡ್ಡಿರಲಿಲ್ಲ. ಸಿಟ್ಟಿಗೆದ್ದ ಊರಿನವರು ಕ್ಯಾಥೊಲಿಕ್ ಶಾಲೆಗಳನ್ನೆಲ್ಲ ಮುಚ್ಚಿ, ಮಕ್ಕಳನ್ನು ಸರ್ಕಾರಿ ಶಾಲೆಗಳ ಬಾಗಿಲಿಗೆ ಕರೆತಂದು ಸೇರಿಸಿಕೊಳ್ಳಿ ಅಂದರು. ಅಷ್ಟು ಮಕ್ಕಳಿಗೆ ಅಲ್ಲಿ ಜಾಗವೆಲ್ಲಿ? ಎರಡು ವರ್ಷದೊಳಗೆ ಕೇಂದ್ರ ಸರ್ಕಾರ ಖಾಸಗಿ ಶಾಲೆಗಳಿಗೂ ವಿಜ್ಞಾನದ ಲ್ಯಾಬ್ ಕಟ್ಟಲು ಹಣ ಕೊಡತೊಡಗಿತು. ಆ ದಾರಿ ಇಂದಿಗೂ ಮುಚ್ಚಿಲ್ಲ. ಅದರಿಂದಲೇ ಇಂದು ಕ್ಯಾಥೊಲಿಕ್ ಶಾಲೆಗಳ ಫೀಸು ಸಾಮಾನ್ಯ ಸಂಬಳದವರಿಗೂ ಕೈಗೆಟುಕುತ್ತದೆ. ಅತ್ತ ಎರಡೂ ರಾಜ್ಯಗಳ ಅತಿ ದುಬಾರಿ ಸ್ಕೂಲುಗಳಲ್ಲಿ ಹನ್ನೆರಡನೇ ಕ್ಲಾಸಿನ ಫೀಸು ವರ್ಷಕ್ಕೆ 50,000 ಡಾಲರಿನ ಆಸುಪಾಸು. ಕ್ಯಾಥೊಲಿಕ್ ಶಾಲೆಯಲ್ಲಿ ಬ್ಯಾಪ್ಟಿಸಮ್ ಆದವರಿಗೆ ಮೊದಲ ಆದ್ಯತೆ ಇರುತ್ತದೆ, ಆದರೂ ಕೇಳಿ ನೋಡಿ. ನಮ್ಮವರು ಎಷ್ಟೋ ಜನ ಸೇರಿಸಿದ್ದಾರೆ.

ಮನೆ ಎಲ್ಲಿ ಮಾಡುತ್ತೀರಿ ಅನ್ನುವುದೂ ಇದರಲ್ಲೇ ಬರುತ್ತದೆ. ನಮ್ಮ ಜನ ಊರಿನ ಪಶ್ಚಿಮದ ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಜಾಸ್ತಿ. ಹಳೆಯ ಸ್ಕೂಲುಗಳು ಪೂರ್ವದ ಕ್ಯೂ, ಹಾಥಾರ್ನ್, ಟೂರಾಕ್ ಕಡೆ. ಕ್ಯೂ ಒಂದೇ ಬಡಾವಣೆಯಲ್ಲಿ ಅರ್ಧ ಡಜನ್ ಪ್ರೈವೇಟ್ ಸ್ಕೂಲುಗಳಿವೆ. ನಡುವೆ ಬೆಳಗಿನ ಹೊತ್ತಿನ ವೆಸ್ಟ್ ಗೇಟ್ ಸೇತುವೆಯ ಟ್ರಾಫಿಕ್. ಪಶ್ಚಿಮದಲ್ಲೂ ಈಗ ಒಳ್ಳೆಯ ಸ್ಕೂಲುಗಳಿವೆ, ಹೆಸರು ಹಳತಲ್ಲ ಅಷ್ಟೆ. ಹನ್ನೆರಡು ವರ್ಷದ ಮಗುವನ್ನು ದಿನಾ ಎರಡು ಮೂರು ಗಂಟೆ ಬಸ್ಸಿನಲ್ಲಿ ಕೂರಿಸುವುದಕ್ಕೆ ನಾನಂತೂ ಒಪ್ಪುವುದಿಲ್ಲ.

ಪುಟ್ಟ ಮಕ್ಕಳಿದ್ದವರಿಗೆ ಒಂದು ಮಾತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಜುಲೈ 31ರೊಳಗೆ ಐದು ತುಂಬುವ ಮಗುವನ್ನು ಆ ವರ್ಷ ಸ್ಕೂಲಿಗೆ ಸೇರಿಸಬಹುದು. ಇಲ್ಲಿ ಏಪ್ರಿಲ್ 30. ಜೂನ್‌ನಲ್ಲಿ ಹುಟ್ಟಿ ಅಲ್ಲಿ ಶುರು ಮಾಡಿದ ಮಗು ಇಲ್ಲಿ ತನ್ನ ಕ್ಲಾಸಿಗೇ ಚಿಕ್ಕದಾಗಿರುತ್ತದೆ. ಒಂದು ವರ್ಷ ಹಿಂದೆ ಹಾಕುವುದಾ ಬೇಡವಾ ಅಂತ ಟೀಚರ್ ಜೊತೆ ಮಾತಾಡಿ.

ಸಿಡ್ನಿಯಲ್ಲಿ ಇನ್ನೂ ಸಾಮಾನು ಕಟ್ಟುತ್ತಿರುವ ನಿಮ್ಮ ಗೆಳೆಯರಿಗೆ ಈ ಸಂಚಿಕೆ ಕಳಿಸಿ, ಕಾರಣ ಇದೆ. ಪ್ರೈವೇಟ್ ಸ್ಕೂಲು ಬಿಡಿಸುವಾಗ ಸಾಮಾನ್ಯವಾಗಿ ಒಂದು ಪೂರ್ತಿ ಟರ್ಮ್ ಮೊದಲೇ ಬರೆದು ತಿಳಿಸಬೇಕು. ಇಲ್ಲದಿದ್ದರೆ ಮಗು ಒಂದು ದಿನವೂ ಕೂರದ ಟರ್ಮ್‌ಗೆ ಫೀಸು ಕಟ್ಟಬೇಕಾಗುತ್ತದೆ. ಕೆಲಸದ ಪತ್ರ ಕೈಗೆ ಬಂದ ದಿನವೇ ಒಪ್ಪಂದದ ಆ ಪುಟ ತೆಗೆದು ಓದಲಿ. ಮತ್ತೆ, ನಿಮ್ಮ ಮಕ್ಕಳಿಗೆ ಗಿಡ್ಡವಾದ ಬ್ಲೇಜರ್, ಟೈ, ಬೂಟು ಇದ್ದರೆ ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ಒಗೆದು ತನ್ನಿ. ಊಟದ ಟಿಕೆಟ್ ಕೊಡುವ ಟೇಬಲ್ ಪಕ್ಕದಲ್ಲೇ ಇಡಿಸುತ್ತೇವೆ. ಯಾವ ಸ್ಕೂಲಿನದು ಅಂತ ಒಂದು ಚೀಟಿ ಚುಚ್ಚಿರಲಿ.